ತಿಪ್ಪವ್ವನ ನಗುವ ಪ್ಲೇಟು

ನನ್ನ ಅಕ್ಕ ತಿಪ್ಪವ್ವನ ದನಿ ಕೇಳದವರು ಆಗ ಗದಗ-ಬೆಟಗೇರಿಯಲ್ಲಿ ಯಾರೂ ಇರಲಿಲ್ಲ. ಅವಳ ಮಾತು ಕೇಳಿದವರೂ ಯಾರೂ ಇರಲಿಲ್ಲ. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ; ಸಮಾಧಾನದಿಂದ ಬರೆಯಲು ನನಗೆ ಬರುವುದಿಲ್ಲ. "ಏನು ಹಾಡತಿದ್ದಳವಾ ನಿಮ್ಮಕ್ಕ, ಕಾಲು ತಾನಾ ಕುಣೀತಿತ್ತು" ಎಂದು ಹೊಗಳುವವರು ಈಗಲೂ ಸಿಗುತ್ತಾರೆ. ಅಂಥವರಿಗೆ ಚಹಾ ಕೊಟ್ಟು ಕಳಿಸುತ್ತೇನೆ, ಹೊಗಳಿಕೆಗೆ ಮಾತ್ರ ಹೂಂ ಅನ್ನುವುದಿಲ್ಲ.

ನಮ್ಮೂರು ಯಳವತ್ತಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಬೆಟಗೇರಿಗೆ ಬಂದಳು. ನೇಕಾರರ ಮನೆಗಳಲ್ಲಿ ನೂಲು ಸುತ್ತಿ ಹೊಟ್ಟೆ ಹೊರೆದೆವು. ಅಕ್ಕ ಕೆಲಸ ಮಾಡುತ್ತ ಹಾಡುತ್ತಿದ್ದಳು. ಆ ಹಾಡು ಓಣಿಯಲ್ಲಿ ಹೋಗುತ್ತಿದ್ದ ಅಂದಪ್ಪನ ಕಿವಿಗೆ ಬಿತ್ತು. ಅವನದೊಂದು ನಾಟಕ ಕಂಪನಿ ಇತ್ತು. ಮಾಲೀಕನೂ ಅವನೇ, ರಾಜನ ಪಾರ್ಟೂ ಅವನದೇ. ಎತ್ತರದ ಆಳು, ಮಾತು ಬೆಲ್ಲ. ಅಕ್ಕ ಕಂಪನಿ ಸೇರಿದ ಮೇಲೆ ಆ ಕಂಪನಿ ಕಂಪನಿಯಾಯಿತು. ಅದಕ್ಕೂ ಮುಂಚೆ ಅದು ಹರಕು ಪರದೆಗಳ ಗಂಟಾಗಿತ್ತು. ಈ ಮಾತಿಗೆ ಬೇಕಾದವರು ಸಿಟ್ಟಾಗಲಿ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಕಂಪನಿ ಲಕ್ಷ್ಮೇಶ್ವರದಲ್ಲಿ ಬೀಡು ಬಿಟ್ಟಿತ್ತು. ಲಕ್ಷ್ಮೇಶ್ವರ ಆಗಿನ್ನೂ ಸಂಸ್ಥಾನದ ಊರು. ಗದಗಿನಲ್ಲಿ ಬಾವುಟ ಏರಿಸಿ ಪೇಢೆ ಹಂಚಿದರಂತೆ, ಇಲ್ಲಿ ಏನು ಮಾಡೋಣ ಎಂದು ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ಗದ್ದಲದಲ್ಲಿ ಅಂದಪ್ಪ ಊರ ಹೊರಗಿನ ಗುಡಿಯೊಂದರಲ್ಲಿ ಅಕ್ಕನಿಗೆ ತಾಳಿ ಕಟ್ಟಿದ. ಎದುರಿಗಿದ್ದವರು ಗುಡಿಯ ಪೂಜಾರಿ ಮತ್ತು ನಮ್ಮವ್ವ. ನಾನು ಬೆಟಗೇರಿಯಲ್ಲಿ ಉಳಿದಿದ್ದೆ.

"ಸದ್ಯಕ್ಕ ಯಾರಿಗೂ ಹೇಳೂದು ಬ್ಯಾಡ. ಪಾರ್ಟ್ ಮಾಡಾಕಿಗೆ ಲಗ್ನ ಆಗೇತಿ ಅಂದ್ರ ಥೇಟರಿಗೆ ಮಂದಿ ಬರೂದಿಲ್ಲ" ಎಂದ ಅಂದಪ್ಪ. ಅಕ್ಕ ತಾಳಿಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು. ಕೆಲವು ವರ್ಷಗಳಲ್ಲಿ ಪೂಜಾರಿಯೂ ಹೋದ, ಅವ್ವನೂ ಹೋದಳು.

ಆಮೇಲೆ ಅಂದಪ್ಪ ಮುಂಡರಗಿಯ ಹತ್ತಿ ವ್ಯಾಪಾರಿಯ ಮಗಳು ದೇವವ್ವನನ್ನು ಬ್ಯಾಂಡು ಬಾರಿಸಿಕೊಂಡು ಮದುವೆಯಾದ. ಅಕ್ಕ ತಾಳಿ ಹೊರಗೆ ತೆಗೆದು ತೋರಿಸಿ, "ಹಂಗಾರ ಇದೇನು?" ಎಂದು ಕೇಳಿದಳು. ಅವನು ನಕ್ಕ.

"ನಾಟಕದಾಗ ನಿನಗ ಎಷ್ಟ ಸಲ ತಾಳಿ ಕಟ್ಟೀನಿ, ಎಣಿಸಿಯೇನ? ಅದರಾಗ ಇದೂ ಒಂದು."

ಶಿರಹಟ್ಟಿಯಿಂದ ಕಂಪನಿ ಬಿಡಾರ ಎತ್ತಿದಾಗ ಅವಳ ಟ್ರಂಕನ್ನು ಬಂಡಿಯಿಂದ ಇಳಿಸಿ ರಸ್ತೆಬದಿಗೆ ಇಟ್ಟು ಹೋದರು. ಅಕ್ಕ ನನ್ನ ಮನೆಗೆ ಬಂದಳು. ನನ್ನ ಗಂಡ ಒಳ್ಳೆಯವನು, ಏನೂ ಕೇಳದೆ ಒಂದು ಕೋಣೆ ತೆರವು ಮಾಡಿಕೊಟ್ಟ.

ಅವಳಿಗೆ ಬೇಕಾಗಿದ್ದದ್ದು ಒಂದೇ: ತಾನು ಹೆಂಡತಿ ಅನ್ನುವುದನ್ನು ಅಂದಪ್ಪ ನಾಲ್ಕು ಜನರ ಮುಂದೆ ಒಪ್ಪಬೇಕು. ಸಂಸಾರ ಬೇಡ, ಪಾಲು ಬೇಡ, ಆ ಒಂದು ಮಾತು ಬೇಕು. ಹಿರಿಯರ ಮನೆಗಳಿಗೆ ಹೋದಳು. ನಾಟಕದವಳು ಬಾಯಿ ತೆರೆಯುವುದರೊಳಗೆ ಅವರು, "ಆತು ಆತು, ನೋಡೂಣಂತ" ಎಂದು ಎದ್ದುಬಿಡುತ್ತಿದ್ದರು. ಹಾಗೆ ಒಂದು ಮನೆಯಿಂದ ಬಂದ ದಿನ ಅಕ್ಕ ನನಗೆ ಹೇಳಿದಳು:

"ಸುಮಿತ್ರಾ, ನಾನು ಪ್ಲೇಟ್ ಕೊಡತೀನಿ. ಗ್ರಾಮಫೋನಿಗೆ ಯಾರೂ ಬಾಯಿ ಮುಚ್ಚು ಅನ್ನೂದಿಲ್ಲ. ಮುಗಿಯೂತನಕಾ ಕುಂತು ಕೇಳತಾರ."

ಇದಕ್ಕೆ ನೆರವಾದವರು ಮುರ್ತುಜಾ ಮಾಸ್ತರರು. ಅಂದಪ್ಪನ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು, ಅಕ್ಕನನ್ನು ಹೊರಗೆ ಹಾಕಿದ್ದಕ್ಕೆ ಬೇಸರಪಟ್ಟು ತಾವೂ ಕೆಲಸ ಬಿಟ್ಟವರು. ಆ ಒಂದು ಕಾರಣಕ್ಕೆ ಅಕ್ಕ ಅವರನ್ನು ಕಣ್ಣು ಮುಚ್ಚಿ ನಂಬಿದಳು. ನಾನೂ ನಂಬಿದೆ. ಅವರು ದಿನಾ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು, ಅಕ್ಕ ತನ್ನ ಬಾಳನ್ನೇ ಪದ ಕಟ್ಟಿ ಹಾಡುತ್ತಿದ್ದಳು.

ನಾಲ್ಕು ಪದ ಆದವು. ಎರಡು ನಗುವಂಥವು, ಎರಡು ಅಳುವಂಥವು. ಮೊದಲನೆಯದು ಬಳೆಯ ಪದ: ಲಕ್ಷ್ಮೇಶ್ವರದ ಪೇಟೆಯಲ್ಲಿ ಅಂದಪ್ಪ ಅವಳಿಗೆ ಹಸಿರು ಬಳೆ ಇಡಿಸಿದ್ದು, ಬಳೆಗಾರ ಅವಳ ಕೈ ಹಿಡಿದರೆ ಇವನು ಮುಖ ಊದಿಸಿಕೊಂಡದ್ದು. ಅದಕ್ಕೆ ಜೋಡಿ ತಾಳಿಯ ಪದ: ಗುಡಿ, ಪೂಜಾರಿ, ಆಮೇಲೆ ಅವನು ಆಡಿದ ಮಾತು, ಎಲ್ಲ ಅದರಲ್ಲಿತ್ತು. ಮೂರನೆಯದು ಬಂಡಿಯ ಪದ: ಇಬ್ಬರೂ ಊರಿಂದೂರಿಗೆ ಕಂಪನಿಯ ಬಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಹೋಗುತ್ತಿದ್ದ ಮೋಜು. ಅದರ ಜೋಡಿ, ಅದೇ ಬಂಡಿ ಅವಳನ್ನು ಶಿರಹಟ್ಟಿಯ ರಸ್ತೆಯಲ್ಲಿ ಬಿಟ್ಟು ಹೋದದ್ದು.

ಆಗಿನ ಗ್ರಾಮಫೋನ್ ಪ್ಲೇಟಿಗೆ ಒಂದು ಬಾಜೂಕ್ಕೆ, ಅಂದರೆ ಒಂದು ಬದಿಗೆ, ಒಂದೇ ಹಾಡು. ಅಕ್ಕ ಲೆಕ್ಕ ಹಾಕಿಯೇ ಪದ ಕಟ್ಟಿದ್ದಳು: ಎರಡು ಪ್ಲೇಟು, ಎರಡಕ್ಕೂ ಮುಂದೆ ನಗು, ಹಿಂದೆ ಅಳು. ಮಾಸ್ತರರಿಗೆ ಇದು ಹಿಡಿಸಲಿಲ್ಲ.

"ತಂಗೀ, ಆ ಕುಣಿಯೋ ಪದ ಎರಡೂ ತಗದಬಿಡು. ನಿನ್ನ ದುಃಖ ಹೇಳಾಕ ಹೊಂಟೀದಿ. ನಡುವ ಢೋಲಕಿ ಬಡದ್ರ ದುಃಖದ ತೂಕ ಕೆಡತೈತಿ. ಒಂದ ಪ್ಲೇಟಿಗೆ ಒಂದ ರಸ ಇರಬೇಕು."

"ಮೊಹರಂದಾಗ ನಿಮ್ಮವರು ನಮ್ಮವರು ಕೂಡಿ ಹೆಜ್ಜಿ ಹಾಕ್ಕೋಂತ ದುಃಖದ ರಿವಾಯತ್ ಪದ ಹಾಡತಾರಲ್ರಿ ಮಾಸ್ತರ. ಕಾಲು ಕುಣೀತಾವ, ಕಣ್ಣಾಗ ನೀರು ಇಳೀತಾವ. ಅಲ್ಲಿ ದುಃಖ ಕೆಡತೈತೇನ್ರಿ?"

"ಅದು ಬಯಲಾಗಿಂದು. ಇದು ಪ್ಲೇಟು."

"ನಾ ನಕ್ಕದ್ದೂ ಖರೆ ಐತ್ರಿ" ಎಂದಳು ಅಕ್ಕ. ಅವಳ ಮುಖ ಕೆಂಪಾಗಿತ್ತು. "ಬರೇ ಅತ್ತರ ಮಂದಿ ಏನಂತಾರ? ಹೆಂಗಸಿಗೆ ಅಳೂದ ಒಂದು ಚಾಳಿ ಅಂತಾರ. ಏನ ಕಳಕೊಂಡೆ ಅನ್ನೂದು ಮೊದಲ ಕೇಳ್ಲಿ. ನಕ್ಕೋಂತ ಪ್ಲೇಟ್ ತಿರುವಿ ಹಾಕಲಿ. ಅವಾಗ ತಿಳಿತೈತಿ."

ಮಾಸ್ತರರು ಕೊನೆಗೆ, "ಆತು, ನಿನ್ನ ಮನಸಿನಂಗ ಆಗಲಿ" ಎಂದರು. ನಾನು ಅಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

ಮುಂಬೈಯ ಒಂದು ಗ್ರಾಮಫೋನ್ ಕಂಪನಿಯವರು ಹುಬ್ಬಳ್ಳಿಗೆ ಬಂದು, ಒಂದು ಬಾಡಿಗೆ ಬಂಗಲೆಯ ಗೋಡೆಗೆಲ್ಲ ಗಾದಿ ಕಟ್ಟಿ, ಹಾಡುಗಾರರ ಹಾಡು ತುಂಬಿಸಿಕೊಳ್ಳುತ್ತಿದ್ದರು. ಅಕ್ಕ ನಾಲ್ಕೂ ಪದ ಹಾಡಿದಳು. ತಾಳಿಯ ಪದ ಮುಗಿದಾಗ ಯಂತ್ರದ ಹಿಂದಿದ್ದ ಮನುಷ್ಯ ಕನ್ನಡ ಬರದವನಾದರೂ ಕಣ್ಣೊರೆಸಿಕೊಂಡ. ಯಾವ ಹಾಡಿನ ಹಿಂದೆ ಯಾವುದು ಬರಬೇಕು ಎಂದು ಒಳಗೆ ಹೋಗಿ ಹೇಳಿ ಬಂದವರು ಮಾಸ್ತರರು. ಅಕ್ಕನಿಗೆ ಹಿಂದಿಯೂ ಬರುತ್ತಿರಲಿಲ್ಲ, ಓದೂ ಬರುತ್ತಿರಲಿಲ್ಲ. "ಹೇಳಿದ್ರೇನ್ರಿ?" ಎಂದು ಕೇಳಿದಳು. "ಹೇಳೀನಿ, ಹೇಳೀನಿ" ಎಂದರು.

ಪ್ಲೇಟು ಬಂದವು. ಗದಗಿನ ಸ್ಟೇಷನ್ ರಸ್ತೆಯ ಹೋಟೆಲುಗಳಲ್ಲಿ ಬೆಳಗಾದರೆ ಅಕ್ಕನ ಬಳೆ ಗಲಗಲ. ಬೆಟಗೇರಿ ಸಂತೆಯ ಕಡೆ ಹೋದರೆ ಅವಳ ಬಂಡಿಯ ಪದ. ಕಾಯಿಪಲ್ಲೆ ಮಾರುವವರೂ ಗುನುಗತೊಡಗಿದರು. ನಮ್ಮ ಮನೆಯಲ್ಲಿ ಗ್ರಾಮಫೋನ್ ಎಲ್ಲಿಂದ ಬರಬೇಕು? ನಮ್ಮ ಪಾಲಿನ ಪ್ಲೇಟು ಎಲ್ಲಿ ಎಂದು ಕೇಳಿದರೆ, "ಬರತಾವ, ಮುಂಬೈದಿಂದ ಕಳಸತಾರ" ಎನ್ನುತ್ತಿದ್ದರು ಮಾಸ್ತರರು. ಆ ದಿನಗಳಲ್ಲಿ ಅವರು ಮನೆಗೆ ಬರುವುದೂ ಕಡಿಮೆಯಾಯಿತು.

ಅಕ್ಕನಿಗೆ ಅನುಮಾನ ಬರಲಿಲ್ಲ. ನಗುವ ಪದ ಎರಡೂ ಕೇಳಿಸುತ್ತಿವೆ ಎಂದರೆ ಪ್ಲೇಟು ಎರಡೂ ಬಂದಿವೆ ಎಂದೇ ಅವಳು ತಿಳಿದಳು. "ಹೋಟೆಲಿನವರು ಮುಂದಿನ ಬಾಜೂ ಅಷ್ಟ ಹಾಕತಾರ. ಇವತ್ತಲ್ಲ ನಾಳೆ ಯಾರರ ತಿರುವಿ ಹಾಕತಾರ" ಎನ್ನುತ್ತಿದ್ದಳು. ಬಾಗಿಲಲ್ಲಿ ಕೂತು, ದೂರದ ಹೋಟೆಲಿನಲ್ಲಿ ಹಾಡು ಮುಗಿದಾಗಲೆಲ್ಲ ಕಿವಿ ನಿಮಿರಿಸುತ್ತಿದ್ದಳು. ಮತ್ತೆ ಅದೇ ಬಳೆ, ಅದೇ ಬಂಡಿ. ನನಗೆ ನೋಡಲು ಸಂಕಟವಾಗುತ್ತಿತ್ತು.

ಕನ್ನಡ ಸೀಮೆಗಳೆಲ್ಲ ಒಂದಾಗುವ ವರ್ಷ ಬಂತು. ಊರಲ್ಲಿ ಸಂಭ್ರಮದ ಸಮಿತಿ ಆಯಿತು, ಅದಕ್ಕೆ ಬೆಟಗೇರಿಯ ಬೀರಲಿಂಗಪ್ಪನವರು ಅಧ್ಯಕ್ಷರು. ಅಂದಪ್ಪನನ್ನೂ ಅವನ ಹೆಂಡತಿಯನ್ನೂ ವೇದಿಕೆಯ ಮೇಲೆ ಕೂರಿಸಿ ಸನ್ಮಾನ ಮಾಡುವುದೆಂದು ಗೊತ್ತಾಯಿತು. ಅಕ್ಕ ನೇರ ಬೀರಲಿಂಗಪ್ಪನವರ ಮನೆಗೆ ಹೋದಳು.

"ನನಗ ಸನ್ಮಾನ ಬ್ಯಾಡ್ರಿ ಯಜಮಾನ್ರ. ಆತನ್ನ ಕರಸ್ರಿ. ನಾ ಯಾರು ಅಂತ ನಿಮ್ಮ ಮುಂದ ಒಮ್ಮಿ ಅನ್ಲಿ."

ಬೀರಲಿಂಗಪ್ಪನವರು ಕೆಟ್ಟವರಲ್ಲ. ಇಬ್ಬರನ್ನೂ ಕರೆಸಿದರು. ಅವರ ಪಡಸಾಲೆಯಲ್ಲಿ ಐದಾರು ಜನ ಹಿರಿಯರು ಕೂತಿದ್ದರು. ನನ್ನನ್ನೂ ಮಾಸ್ತರರನ್ನೂ ಅಕ್ಕ ಕರೆತಂದಿದ್ದಳು. ಅಂದಪ್ಪ ರೇಷ್ಮೆ ಶಾಲು ಹೊದ್ದು, ಬಗಲಲ್ಲಿ ಒಂದು ಪ್ಲೇಟು ಹಿಡಿದುಕೊಂಡು ಬಂದ.

"ಈಕಿ ಬಾಳೇ ನಾ ಹಾಳ ಮಾಡೀನಂತ. ನಾ ಏನೂ ಹೇಳೂದಿಲ್ರಿ. ಈಕಿ ಬಾಯಿಲೇನ ಕೇಳ್ರಿ" ಎಂದು ಪಡಸಾಲೆಯಲ್ಲಿದ್ದ ಯಜಮಾನರ ಗ್ರಾಮಫೋನಿಗೆ ಚಾವಿ ಕೊಟ್ಟು ಪ್ಲೇಟು ಹಾಕಿದ.

ಬಳೆಯ ಪದ ಬಂತು. ಹಿರಿಯರ ತಲೆ ತೂಗಿದವು. ನಾನು ಅಂದಪ್ಪನ ಮುಖಕ್ಕೆ ಉಗುಳಬೇಕೆಂದಿದ್ದೆ, ಅಕ್ಕ ನನ್ನ ಕೈ ಅದುಮಿ ಹಿಡಿದಳು. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಸಂತೋಷವಿತ್ತು. ಇಷ್ಟು ದಿನ ಕಾದದ್ದು ತಾನಾಗಿ ಎದುರಿಗೆ ಬಂದಿತ್ತಲ್ಲ! ಹಾಡು ಮುಗಿದದ್ದೇ ಎದ್ದು ನಿಂತು ಹೇಳಿದಳು:

"ತಿರುವಿ ಹಾಕ್ರಿ. ಹಿಂದಿನ ಬಾಜೂದಾಗ ತಾಳಿ ಐತಿ. ಎಲ್ಲಾರೂ ಕೇಳ್ರಿ."

ಅಂದಪ್ಪ ಬೇಡ ಅನ್ನಲಿಲ್ಲ. ತಾನೇ ತಿರುವಿ ಹಾಕಿದ. ಸೂಜಿ ಕರಕರ ಎಂದಿತು, ಢೋಲಕಿ ಬಡಿಯಿತು, ಬಂಡಿಯ ಪದ ಶುರುವಾಯಿತು. ಪ್ಲೇಟಿನೊಳಗೆ ಅಕ್ಕ ಕಿಲಕಿಲ ನಕ್ಕದ್ದು ಆ ಪಡಸಾಲೆಯ ತುಂಬ ಕೇಳಿಸಿತು. ಒಬ್ಬ ಹಿರಿಯರ ಕಾಲು ತಾಳ ಹಾಕುತ್ತಿತ್ತು.

ಅಕ್ಕ ನಿಂತೇ ಇದ್ದಳು. ಅಂದಪ್ಪನ ಕಡೆ ಅವಳು ನೋಡಲೇ ಇಲ್ಲ. ಮಾಸ್ತರರ ಕಡೆ ನೋಡಿದಳು. ಅವರು ತಲೆ ತಗ್ಗಿಸಿದರು. ಆಗ ನನಗೂ ತಿಳಿಯಿತು.

"ಏ ತಂಗೀ, ಇಷ್ಟ ನಕ್ಕಾಕಿಗೆ ಅಂಥಾದ್ದ ಏನ ಅನ್ಯಾಯ ಆಗೇತವಾ?" ಎಂದರು ಬೀರಲಿಂಗಪ್ಪನವರು, ಸಮಾಧಾನದ ದನಿಯಲ್ಲೇ. ಅಲ್ಲಿಗೆ ಪಂಚಾಯಿತಿ ಮುಗಿಯಿತು. ಅಂದಪ್ಪ ಪ್ಲೇಟನ್ನು ಜೋಪಾನವಾಗಿ ಶಾಲಿನಲ್ಲಿ ಸುತ್ತಿಕೊಂಡು ಹೋದ.

ಓಣಿಯಲ್ಲಿ ಮಾಸ್ತರರು ನಮ್ಮ ಹಿಂದೆ ಓಡೋಡಿ ಬಂದರು.

"ನಿನ್ನ ದುಃಖದಾಗ ಕಲಬೆರಕಿ ಆಗಬಾರದು ಅಂತ ಮಾಡೀನಿ ತಂಗೀ. ನಗೂವು ಒಂದ ಪ್ಲೇಟಿಗೆ, ಅಳೂವು ಒಂದ ಪ್ಲೇಟಿಗೆ ಹಾಕ್ಸೀನಿ. ಅಳೋ ಪ್ಲೇಟ್ ಅಗದೀ ಚೊಲೊ ಬಂದೈತಿ. ಅಂಥಾದ್ದ ನಾ ಕೇಳೇ ಇಲ್ಲ."

"ಎಲ್ಲೈತ್ರಿ ಅದು?"

"ಮಾರಾಟ ಆಗಲಿಲ್ಲ. ಅಳೂದು ಯಾರೂ ಒಯ್ಯಲಿಲ್ಲ. ಪ್ಲೇಟ್ ಕಂಪನಿಯವರು ಮತ್ತ ತಗೀಲಿಲ್ಲ. ನಿನಗ ಹೆಂಗ ಹೇಳೂದು ಅಂತ..." ಎಂದು ಅವರು ತಡವರಿಸಿದರು.

ಅಂದಪ್ಪ ಮೋಸಗಾರ, ಅದು ನಮಗೆ ಗೊತ್ತಿದ್ದದ್ದೇ. ಮೋಸಗಾರ ಮೋಸ ಮಾಡಿದರೆ ಬೈದು ಹಗುರಾಗಬಹುದು. ಇವರು ನಮ್ಮ ಮನೆಯ ಅನ್ನ ಉಂಡು, ಅಕ್ಕನ ಪದಕ್ಕೆ ಅತ್ತು, ಅವಳಿಗಿಂತ ತಮಗೇ ಅವಳ ದುಃಖ ಚೆನ್ನಾಗಿ ಗೊತ್ತೆಂದು ತಿಳಿದುಕೊಂಡರು. ಇಂಥವರನ್ನು ಏನೆಂದು ಬೈಯಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಅಕ್ಕನೂ ಬೈಯಲಿಲ್ಲ. ಮನೆಗೆ ಬಂದು ಒಲೆ ಹಚ್ಚಿದಳು.

ನವೆಂಬರ್ ಒಂದರಂದು ಊರೆಲ್ಲ ತಳಿರು ತೋರಣ. ಅಂದಪ್ಪನೂ ದೇವವ್ವನೂ ಹಾರ ಹಾಕಿಸಿಕೊಂಡರು. ಟಾಂಗಾ ಸ್ಟ್ಯಾಂಡಿನ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಸಂಜೆಯವರೆಗೂ ಅಕ್ಕನ ಬಳೆ, ಅಕ್ಕನ ಬಂಡಿ. ನನಗೆ ತಡೆಯಲಾಗದೆ ಕಿಟಕಿ ಮುಚ್ಚಿದೆ. ಅಕ್ಕ ಮತ್ತೆ ತೆರೆದಳು. "ಅದೂ ನಂದ ಐತಿ" ಎಂದಳು.

ದೀಪ ಹಚ್ಚುವ ಹೊತ್ತಿಗೆ ಮಾಸ್ತರರು ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಪ್ಲೇಟು. ಹೊಸ್ತಿಲ ಹೊರಗೇ ನಿಂತರು.

"ಅಳೋ ಪ್ಲೇಟು ತಂಗೀ. ನನಗ ಗೊತ್ತಿದ್ದಂಗ ಉಳದದ್ದು ಇದೊಂದ. ದಿನಾ ಹಾಕ್ಕೊಂಡು ಕೇಳತಿದ್ದೆ. ಇದು ನಿನ್ನ ಕಡೆ ಇರಬೇಕು."

ಅಕ್ಕ ಕೈ ಚಾಚಲಿಲ್ಲ.

"ನೀವ ಇಟ್ಟಕೋರಿ ಮಾಸ್ತರ" ಎಂದಳು. "ನನಗ ಅದು ಬಾಯಿಪಾಠ ಐತಿ. ಕೇಳಬೇಕಾದವರು ಬ್ಯಾರೆ ಇದ್ರು."