ಎಡಕ್ಕೆ ಎಳೆಯುವ ಕೋವಿ

ಗಾರ್ಲಂಡ್ ಕ್ರೈಡರ್ ಇಪ್ಪತ್ತಾರು ವರ್ಷದಿಂದ ಕೌಂಟಿಯ ಜಲ್ಲಿರಸ್ತೆಗಳನ್ನು ಹೆರೆದು ಸಮ ಮಾಡುವ ಹಳದಿ ಯಂತ್ರ ಓಡಿಸುತ್ತಿದ್ದಾನೆ. ಅಷ್ಟು ವರ್ಷಗಳಲ್ಲಿ ಒಬ್ಬರ ಮನೆಯ ಅಂಚೆಡಬ್ಬಿಗೂ ಅವನ ಯಂತ್ರ ತಗುಲಿಲ್ಲ. ಓಝಾರ್ಕ್ ಗುಡ್ಡಗಳ ನಮ್ಮ ರಸ್ತೆಗಳನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು. ಮನುಷ್ಯನೇ ಹಾಗೆ. ಮನೆಯಿಂದ ಅರ್ಧ ಮೈಲಿ ಹೋದವನು ಒಲೆ ಆರಿಸಿದೆನೋ ಇಲ್ಲವೋ ಎಂದು ತಿರುಗಿ ಬರುತ್ತಾನೆ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ, ಹೊರಗೆ ಪಿಕಪ್ಪಿನ ದೀಪ ಉರಿಯುತ್ತಿದೆಯೇನೋ ಎಂದು ಇವನು ಒಂದು ಕಣ್ಣು ತೆರೆಯುತ್ತಾನೆ. ಇಂಥವನೇ ಹೋದ ವರ್ಷದ ಏಪ್ರಿಲ್‌ನಲ್ಲಿ, ಕಾಡಿನ ಟರ್ಕಿ ಕೋಳಿಯ ಬೇಟೆ ಶುರುವಾಗುವ ಮೊದಲ ದಿನ, ಹೆಂಡತಿಯ ಅಣ್ಣನಿಗೆ ಈಡು ಹೊಡೆದುಬಿಟ್ಟ.

ಅಣ್ಣನ ಹೆಸರು ಡ್ಯೂಯಿ ಮ್ಯಾಗರ್ಡ್. ದನಕರುಗಳ ಮೇವು ಮಾರುವ ಅಂಗಡಿಯಲ್ಲಿ ಕೆಲಸ. ಕೆಂಪು ಮುಖ, ಬಿಳಿ ಗಡ್ಡ, ಸುಮ್ಮನಿರದ ಬಾಯಿ. ಕೋವಿಯಿಂದ ಸಿಡಿದ ಹನ್ನೊಂದು ಸಣ್ಣ ಚರೆಗಳು ಅವನ ಬಲಭುಜಕ್ಕೂ ಕತ್ತಿಗೂ ಹೊಕ್ಕಿದ್ದವು. ಒಂಬತ್ತನ್ನು ಡಾಕ್ಟರು ತೆಗೆದರು. ಎರಡು ಕಿವಿಯ ಕೆಳಗೆ ಚರ್ಮದೊಳಗೇ ಉಳಿದಿವೆ. ಮಳೆ ಬರುವುದು ತನಗೆ ರೇಡಿಯೋಗಿಂತ ಮುಂಚೆ ತಿಳಿಯುತ್ತದೆ ಎಂದು ಅವನು ಗಿರಾಕಿಗಳಿಗೆ ಆ ಗಂಟುಗಳನ್ನು ಮುಟ್ಟಿಸಿ ತೋರಿಸುತ್ತಾನೆ. ಗಾರ್ಲಂಡ್ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದಾನೆ.

ಆದದ್ದು ಹೇಗೆ ಎಂಬುದಕ್ಕೆ ಗಾರ್ಲಂಡ್ ಎಲ್ಲರಿಗೂ ಒಂದೇ ಮಾತು ಹೇಳಿದ್ದ. ತಾನು ಕೂತ ಮರದ ಬುಡದಿಂದ ಕದಲಿರಲಿಲ್ಲ. ಬಿದ್ದ ಓಕ್ ದಿಮ್ಮಿಯ ಪಕ್ಕ ಒಂದು ಟರ್ಕಿ ಹುಂಜ ನಿಂತಿತ್ತು. ಅದರಿಂದ ಎರಡು ಮಾರು ಬಲಕ್ಕೆ, ಪೊದೆಯ ಹಿಂದೆ ಡ್ಯೂಯಿ ಇದ್ದದ್ದು ಕಾಣಲಿಲ್ಲ. ಚದುರಿದ ಚರೆ ಅವನಿಗೆ ಬಡಿಯಿತು. ವನ್ಯಜೀವಿ ಇಲಾಖೆಯವರು ಬರೆದುಕೊಂಡರು, ಮತ್ತೊಮ್ಮೆ ಸುರಕ್ಷತೆಯ ಪಾಠಕ್ಕೆ ಕೂರಿಸಿದರು, ಬಿಟ್ಟರು. ಹೆಂಡತಿ ನೀವಾ ನಂಬಿದಳು. ಊರೂ ನಂಬಿತು.

ಈ ವರ್ಷ ಮಾರ್ಚಿನ ಕೊನೆಗೆ ಡ್ಯೂಯಿ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಬಂದ. ಕೈಯಲ್ಲಿ ಸಣ್ಣ ಕಾಗದದ ಚೀಲ. ಅದರಿಂದ ಬೆರಳುದ್ದದ ಉಕ್ಕಿನ ಕೊಳವೆ ತೆಗೆದು ಮೇಜಿನ ಮೇಲಿಟ್ಟ. ಕೋವಿಯ ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಚೋಕ್ ಅದು. ಬಾಯಿ ಕಿರಿದಾದಷ್ಟೂ ಚರೆಗಳು ಚದುರದೆ ಒತ್ತಾಗಿ ಹೋಗುತ್ತವೆ.

"ಭುಜಕ್ಕೆ ಕೋವಿ ಒದೆ ತಾಗಬಾರ್ದು ಅಂದಿದಾರೆ ಡಾಕ್ಟ್ರು. ಹದಿನಾಲ್ಕನೇ ವಯಸ್ಸಿಂದ ಬೇಟೆಯ ಮೊದಲ ದಿನ ತಪ್ಪಿಸಿದೋನಲ್ಲ ನಾನು. ಈ ಸಲ ನಾನು ಹೆಣ್ಣು ಟರ್ಕಿ ಥರ ಕೂಗಿ ಹುಂಜ ಕರೀತೀನಿ, ನೀನು ಹೊಡಿ" ಎಂದ ಡ್ಯೂಯಿ.

"ನಾನು ಕೋವಿ ಮುಟ್ಟೋದಿಲ್ಲ, ಡ್ಯೂಯಿ."

"ನೀನು ಮುಟ್ಲಿಲ್ಲ ಅಂದ್ರೆ ನಾನು ಮನೇಲಿ ಕೂತು ನೀವಾ ಥರ ಬಿಸ್ಕತ್ ಬೇಯಿಸ್ಬೇಕು" ಎಂದು ಡ್ಯೂಯಿ ತಂಗಿಯನ್ನು ಕೆಣಕಿದ. ಒಲೆಯ ಮುಂದಿದ್ದ ನೀವಾ ಸೌಟು ತೋರಿಸಿದಳು. ಡ್ಯೂಯಿ ಗಾರ್ಲಂಡನ ಕಡೆ ತಿರುಗಿದ. "ನಲವತ್ತು ಗಜಕ್ಕೆ ಕಾಗದ ನಿಲ್ಸಿ ಹೊಡೆದು ನೋಡು. ಹತ್ತಿಂಚಿನ ವೃತ್ತದೊಳಗೆ ನೂರು ತೂತು ಬೀಳ್ಬೇಕು. ಬೇಟೆ ಶುರುವಾಗೋಕೆ ಮುಂಚಿನ ಶನಿವಾರ ನಾನೇ ಬಂದು ಕಾಗದ ನೋಡ್ತೀನಿ."

"ಇರೋ ಕೋವಿ ಚೆನ್ನಾಗೇ ಇದೆ."

"ಚೆನ್ನಾಗಿದ್ದಿದ್ರೆ ನಾನಿಲ್ಲಿ ನಿಂತು ನಿನ್ ಹತ್ರ ಮಾತಾಡ್ತಿದ್ನಾ?" ಎಂದು ಡ್ಯೂಯಿ ಹೊಟ್ಟೆ ಹಿಡಿದು ನಕ್ಕ.

ಗಾರ್ಲಂಡ್ ನಗಲಿಲ್ಲ. ಕೋವಿ ಕೆಟ್ಟದಾಗಿ ಚರೆ ಚದುರಿಸಿದ್ದಕ್ಕೇ ಭಾವ ಉಳಿದ. ಈಗ ಅದೇ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಕೋವಿಯನ್ನು ಒಳ್ಳೆಯದು ಮಾಡಬೇಕು. ಮೂರು ವಾರ ಇದೇ ಯೋಚನೆ ಅವನ ತಲೆ ತಿಂದಿತು. ಆದರೂ ಇಲ್ಲವೆನ್ನಲಾರ. ಹೊಡೆದವನು ಹೊಡೆಸಿಕೊಂಡವನಿಗೆ ಇಲ್ಲವೆನ್ನುವುದು ಹೇಗೆ?

ಶನಿವಾರ ಬೆಳಿಗ್ಗೆ ಅವನು ಪಿಕಪ್ಪನ್ನು ಹೊಳೆಯ ಪಕ್ಕದ ಬೆಣಚುಕಲ್ಲಿನ ಹರವಿಗೆ ಇಳಿಸಿದ. ಸುತ್ತ ಡಾಗ್‌ವುಡ್ ಮರಗಳು ಬೆಳ್ಳಗೆ ಹೂ ಬಿಟ್ಟಿದ್ದವು. ನಲವತ್ತು ಗಜ ಅಳೆದ. ಅಳೆದದ್ದು ಸರಿಯೋ ಎಂದು ಮತ್ತೆ ಅಳೆದ. ಫ್ರಿಜ್ ಬಂದಿದ್ದ ರಟ್ಟಿನ ಡಬ್ಬ ನಿಲ್ಲಿಸಿ, ಮೇಲೆ ಅಗಲವಾದ ಕಾಗದ ಅಂಟಿಸಿ, ಹತ್ತಿಂಚಿನ ವೃತ್ತ ಎಳೆದು, ಮಧ್ಯೆ ಟರ್ಕಿಯ ತಲೆ ಮತ್ತು ಕತ್ತು ಬರೆದ. ಅದು ಟರ್ಕಿಗಿಂತ ಸೋರೆಕಾಯಿಯಂತೆ ಕಂಡಿತು. ಹೊಸ ಚೋಕ್ ಕೂರಿಸಿ, ಮೇವಿನ ಮೂಟೆಯ ಮೇಲೆ ಕೋವಿ ಒರಗಿಸಿ, ನಳಿಗೆ ತುದಿಯಲ್ಲಿ ಗುರಿ ಹಿಡಿಯುವ ಮಣಿಯನ್ನು ತಲೆಯ ಮೇಲಿಟ್ಟು ಕುದುರೆ ಒತ್ತಿದ.

ಹೋಗಿ ನೋಡಿದರೆ ವೃತ್ತದೊಳಗೆ ಹದಿನೆಂಟೇ ತೂತು. ಉಳಿದವೆಲ್ಲ ಒಂದು ಗೇಣು ಎಡಕ್ಕೆ, ನಾಲ್ಕು ಬೆರಳು ಕೆಳಕ್ಕೆ ಗುಂಪುಗೂಡಿದ್ದವು. ಹೆದರಿ ಎಳೆದೆನೇನೋ ಎಂದುಕೊಂಡು ಹೊಸ ಕಾಗದ ಅಂಟಿಸಿ, ಉಸಿರು ಬಿಗಿಹಿಡಿದು ಇನ್ನೊಂದು ಹೊಡೆದ. ಅದೇ ಜಾಗ. ಮೂರನೆಯದೂ ಅದೇ ಜಾಗ. ತಪ್ಪು ಕೈಯದಲ್ಲ, ಕೋವಿಯದು. ಒಂದು ಗಳಿಗೆ ಅವನಿಗೆ ನಿಜಕ್ಕೂ ಹಾಯೆನಿಸಿತು. ತಂದೆಯಿಂದ ಬಂದ ಕೋವಿ ಎಂದು ಮೂವತ್ತು ವರ್ಷ ಒಮ್ಮೆಯೂ ಕಾಗದಕ್ಕೆ ಹೊಡೆದು ನೋಡಿರಲಿಲ್ಲ. ನಮ್ಮ ಕಡೆಯ ಅರ್ಧ ಗಂಡಸರ ಹಣೆಬರಹ ಇದೇ. ತಪ್ಪಿದ ಹುಂಜಗಳಿಗೆಲ್ಲ ಗಾಳಿಯನ್ನು ಬಯ್ಯುತ್ತಾರೆ.

ಆ ನೆಮ್ಮದಿಯ ಹಿಂದೆಯೇ ಇನ್ನೊಂದು ಯೋಚನೆ ಬಂತು: ಹೋದ ಏಪ್ರಿಲ್‌ನಲ್ಲೂ ಕೋವಿ ಹೀಗೇ ಎಡಕ್ಕೆ ಎಳೆದಿತ್ತಲ್ಲವೇ? ಹೊಸ ಚೋಕ್ ಬಿಚ್ಚಿ ಹೋದ ವರ್ಷದ್ದನ್ನು ಕೂರಿಸಿದ. ಹೊಸ ಕಾಗದ ಅಂಟಿಸಿ ಐವತ್ತೈದು ಗಜ ದೂರಕ್ಕೆ ಸರಿದ. ಇಲಾಖೆಯವರು ಟೇಪು ಹಿಡಿದು ಅಳೆದ ದೂರ ಅಷ್ಟೇ. ತಲೆಗೆ ಗುರಿಯಿಟ್ಟು ಹೊಡೆದ.

ಕಾಗದದ ಮೇಲಿನ ತಲೆಗೆ ಏನೂ ಆಗಿರಲಿಲ್ಲ, ಅಂಚಿನಲ್ಲಿ ಎರಡು ತೂತು ಬಿಟ್ಟರೆ. ಎಡಕ್ಕೆ, ಕೆಳಗೆ, ಎದುರು ನಿಂತ ಮನುಷ್ಯನ ಬಲಭುಜ ಇರುವಲ್ಲಿ, ಚರೆಗಳು ಹರಡಿದ್ದವು. ಆಸ್ಪತ್ರೆಯಲ್ಲಿ ನಾಲ್ಕು ದಿನ ಕೂತು ನೋಡಿದ ಗಾಯಗಳು ಅವನಿಗೆ ಬಾಯಿಪಾಠವಾಗಿದ್ದವು. ತಾನು ಹೇಳಿದಂತೆ ಎರಡು ಮಾರು ಎಡಕ್ಕೆ ಗುರಿ ಇಟ್ಟಿದ್ದರೆ ಚರೆಗಳು ಇನ್ನೂ ಎಡಕ್ಕೆ ಹೋಗಿ, ಡ್ಯೂಯಿಗೆ ಒಂದೂ ತಾಗುತ್ತಿರಲಿಲ್ಲ. ಕೋವಿ ಬಲ್ಲ ಯಾರೇ ಆಗಲಿ ಈ ಕಾಗದ ನೋಡಿದರೆ, ಮಣಿ ಡ್ಯೂಯಿಯ ಮುಖದ ಮೇಲೆಯೇ ಇತ್ತೆಂದು ಹೇಳಿಬಿಡುತ್ತಾರೆ.

ಇತ್ತು. ಹುಂಜವೇ ಇರಲಿಲ್ಲ. ಕೂಗು ಕೇಳಿದರೆ ಅದರ ಕಡೆ ತೆವಳಿ ಹೋಗಬಾರದು, ಕೂತಲ್ಲೇ ಕೂತು ಕರೆಯಬೇಕು ಎಂಬುದು ನಮ್ಮಲ್ಲಿ ಮೊದಲ ಪಾಠ. ಕೂಗಿದ್ದು ಹಕ್ಕಿಯೋ ಮನುಷ್ಯನೋ ಯಾರಿಗೆ ಗೊತ್ತು. ಆ ದಿನ ಕೂಗು ಕೇಳಿ ಗಾರ್ಲಂಡ್ ತೆವಳಿದ್ದ; ತೆವಳಿ ಮುಟ್ಟಿದ ಮರವನ್ನೇ ಆಮೇಲೆ ಕೂತ ಮರವೆಂದು ಇಲಾಖೆಯವರಿಗೆ ತೋರಿಸಿದ್ದ. ಟರ್ಕಿ ಹುಂಜದ ತಲೆಯ ಬಣ್ಣವೇ ಕೆಂಪು ಬಿಳುಪು; ದಿಮ್ಮಿಯ ಮೇಲೆ ಆ ಕೆಂಪು ಬಿಳುಪು ಕಂಡಿತು, ಹುಂಜವೆಂದು ಹೊಡೆದ. ಡ್ಯೂಯಿ ಮುಖ ಮರೆಸುವ ಬೇಟೆಯ ಮುಸುಕು ಇಳಿಸಿ ಕಾಫಿ ಕುಡಿಯುತ್ತಿದ್ದ.

ದಾರಿಯಲ್ಲಿ ಡ್ಯೂಯಿಯ ಪಿಕಪ್ಪಿನ ಸದ್ದು ಕೇಳಿತು. ಗಾರ್ಲಂಡ್ ಆ ಕಾಗದವನ್ನು ಸುತ್ತಿ ತನ್ನ ಪಿಕಪ್ಪಿನ ಸೀಟಿನ ಕೆಳಗೆ ತುರುಕಿ, ಹೊಸ ಚೋಕ್ ಮತ್ತೆ ಕೂರಿಸಿದ. ಡ್ಯೂಯಿ ಇಳಿದು ಬಂದು ನಲವತ್ತು ಗಜದ ಕಾಗದಗಳನ್ನು ಬಿಸಿಲಿಗೆ ಹಿಡಿದ.

"ಎಡಕ್ಕೆ ಎಳೀತಾ ಇದೆ. ಕೆಳಕ್ಕೂ. ಯಾವಾಗಿಂದ ಹೀಗೆ?"

ಗಾರ್ಲಂಡ್ "ಗೊತ್ತಿಲ್ಲ" ಎಂದ.

ಡ್ಯೂಯಿ ಹೂಂಗುಟ್ಟಿದ. ತಿರುಪು ತಿರುಗಿಸಿ ಗುರಿ ಹೊಂದಿಸುವ ಪಟ್ಟಿಯೊಂದನ್ನು ಜೇಬಿನಿಂದ ತೆಗೆದು ನಳಿಗೆಗೆ ಬಿಗಿದ. ಗಾರ್ಲಂಡನದು ಒಂದು ಈಡು, ಡ್ಯೂಯಿಯದು ಸ್ವಲ್ಪ ತಿರುವು, ಇನ್ನೊಂದು ಈಡು, ಇನ್ನಷ್ಟು ತಿರುವು. ನಾಲ್ಕನೆಯ ಈಡಿಗೆ ಡ್ಯೂಯಿ ಕಾಗದದ ಹತ್ತಿರ ಹೋಗಿ ಎಣಿಸಿ, ಅಲ್ಲಿಂದಲೇ ಕೂಗಿದ: "ನೂರಾ ಹದಿಮೂರು! ಇದು ಕೋವಿ ಕಣೋ! ಬಾ ಇಲ್ಲಿ, ನೋಡು!"

ಗಾರ್ಲಂಡ್ ಹೋಗಿ ನೋಡಿದ. ಕಾಗದದಲ್ಲಿ ತಲೆ ಎಂಬುದೇ ಇರಲಿಲ್ಲ. ಅದರ ಪಕ್ಕದಲ್ಲೇ, ಒಂದು ಮೊಳ ಅಂತರದಲ್ಲಿ, ಡ್ಯೂಯಿಯ ಕೆಂಪು ಮುಖ ಖುಷಿಯಿಂದ ನಗುತ್ತಿತ್ತು. ಗಾರ್ಲಂಡ್ ಹಿಂದೆ ತಿರುಗಿ ಪಿಕಪ್ಪಿನವರೆಗೆ ನಡೆದು, ಸುತ್ತಿಟ್ಟ ಕಾಗದ ತಂದು ಕಲ್ಲುಗಳ ಮೇಲೆ ಬಿಡಿಸಿದ.

"ಇದು ಹಳೆ ಚೋಕು, ಐವತ್ತೈದು ಗಜ" ಎಂದ. "ಹುಂಜ ಇರ್ಲಿಲ್ಲ, ಡ್ಯೂಯಿ. ನಾನು ತೆವಳಿಕೊಂಡು ಬಂದಿದ್ದೆ. ನಿನ್ ಮುಖಾನೇ ಹುಂಜ ಅಂದ್ಕೊಂಡು, ಅದಕ್ಕೇ ಹೊಡೆದೆ."

ಡ್ಯೂಯಿ ಬಗ್ಗಿ ತೂತುಗಳ ಮೇಲೆ ಬೆರಳಾಡಿಸಿದ. ನಗು ಹೋಗಿತ್ತು.

"ಗೊತ್ತು" ಎಂದ. "ಒಂದು ಗಂಟೆಯಿಂದ ಅಲ್ಲೇ ಕೂತಿದ್ದೆ ನಾನು. ಹುಂಜ ಇದ್ದಿದ್ರೆ ನಂಗೆ ಕಾಣ್ತಿರ್ಲಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳ್ಬೇಕಾದೋನು ನಾನಲ್ಲ. ಒಂದು ವರ್ಷ ಕಾದೆ. ಇವತ್ತೂ ನೀನು ಬಾಯಿ ಬಿಡದೆ ಇದ್ದಿದ್ರೆ, ನಾಳೆ ಫೋನ್ ಮಾಡಿ ಮಂಡಿ ನೋವು, ಬರಲ್ಲ ಅಂತಿದ್ದೆ. ಆಮೇಲೆ ಯಾವತ್ತೂ ನಿನ್ ಜೊತೆ ಕಾಡಿಗೆ ಬರ್ತಿರ್ಲಿಲ್ಲ."

ಗಾರ್ಲಂಡ್ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. "ಈಗ?" ಎಂದು ಕೇಳಿದ. "ನಿಂಗೆ ಹೆದರಿಕೆ ಆಗಲ್ವಾ?"

"ಆಗತ್ತೆ ಕಣೋ. ಹೋದ ಏಪ್ರಿಲ್‌ನಿಂದ ಆಗ್ತಾನೇ ಇದೆ. ಹಿಂದೆ ಯಾವನಾದ್ರೂ ಬಾಗಿಲು ಜೋರಾಗಿ ಹಾಕಿದ್ರೂ ಮೈ ಜುಂ ಅನ್ನತ್ತೆ. ಅದಕ್ಕೇ ಸೋಮವಾರ, ಬೇಟೆ ಶುರುವಾದಾಗ, ಇಬ್ರೂ ಒಂದೇ ಮರಕ್ಕೆ ಒರಗಿ ಕೂರೋಣ. ನನ್ ಭುಜ ನಿನ್ ಭುಜಕ್ಕೆ ತಾಗ್ತಾ ಇರ್ಬೇಕು. ತಾಗ್ತಿಲ್ಲ ಅಂದ್ರೆ, ಎದುರಿಗೆ ಎಂಥಾ ಹುಂಜ ಬಂದು ಕುಣಿದ್ರೂ ಹೊಡೀಬೇಡ. ಆಯ್ತಾ?"

ಗಾರ್ಲಂಡ್ ಆಯ್ತು ಎಂದ. ಡ್ಯೂಯಿಗೆ ಕೇಳಿಸಿತೋ ಇಲ್ಲವೋ ಎಂಬ ಭಯಕ್ಕೆ ಇನ್ನೊಂದು ಸಲ ಎಂದ.