ಜಾರದ ಬಕಲ್ಲು

ಮನುಷ್ಯನ ಸೊಂಟದ ಬೆಲ್ಟಿಗೆ ಸಾಮಾನ್ಯವಾಗಿ ಐದು ತೂತುಗಳಿರುತ್ತವೆ. ಮನುಷ್ಯನ ಹೊಟ್ಟೆ ಸಾಮಾನ್ಯವಾಗಿ ಆ ಐದರಲ್ಲಿ ಯಾವುದಕ್ಕೂ ಸರಿಹೊಂದುವುದಿಲ್ಲ. ಈ ಸತ್ಯ ನಿಮ್ಮ ಅನುಭವಕ್ಕೂ ಬಂದಿರಬೇಕು. ಬಂದಿಲ್ಲವೆಂದರೆ ನೀವು ಒಂದೋ ಯೋಗಾಭ್ಯಾಸಿಗಳು, ಇಲ್ಲವೇ ಪಂಚೆ ಉಡುವವರು. ನನ್ನ ಹೊಟ್ಟೆಯ ಖಾಯಂ ವಿಳಾಸ ಮೂರನೆಯ ತೂತಿಗೂ ನಾಲ್ಕನೆಯದಕ್ಕೂ ನಡುವಿನ ನಿರ್ಜನ ಪ್ರದೇಶ. ಮೂರಕ್ಕೆ ಸಿಕ್ಕಿಸಿದರೆ ಉಸಿರು ಮೇಲೇರುತ್ತದೆ, ನಾಲ್ಕಕ್ಕೆ ಸಿಕ್ಕಿಸಿದರೆ ಪ್ಯಾಂಟು ಕೆಳಗಿಳಿಯುತ್ತದೆ. ಮೊಳೆ ಸುತ್ತಿಗೆ ತಂದು ನಡುವೆ ಒಂದು ತೂತು ಹೊಡೆದುಕೊಂಡರೆ ಆಯಿತಲ್ಲ ಎಂದು ನೀವು ಹೇಳಬಹುದು. ನನ್ನ ಹೆಂಡತಿ ಶಾರದೆಯೂ ಹಾಗೆಯೇ ಹೇಳಿದಳು. ಆದರೆ ಮೂವತ್ತೈದು ವರ್ಷ ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಕೂತು, ಕೂದಲೆಳೆಯಷ್ಟು ಅಂತರಕ್ಕೂ ಅಳತೆ ಬರೆದು ಬಂದವನಿಗೆ ಮೊಳೆಯ ಪರಿಹಾರವೆಂದರೆ ಅವಮಾನವೇ ಸರಿ.

ನಿವೃತ್ತನಾಗಿ ನಾಲ್ಕು ವರ್ಷವಾದರೂ ನಕ್ಷೆಗಾರಿಕೆ ನನ್ನನ್ನು ಬಿಟ್ಟಿರಲಿಲ್ಲ. ಶಾರದೆ ಹೇಳುವ ಪ್ರಕಾರ, ನಾನು ಅದನ್ನು ಬಿಟ್ಟಿರಲಿಲ್ಲ. ಮೊದಮೊದಲು ವಾರಕ್ಕೆರಡು ಸಲ ಹಳೆಯ ಆಫೀಸಿಗೆ ಫೋನು ಮಾಡಿ, ಹಾಳೆಗಳಿಗೆ ನಾನು ಹಾಕಿಕೊಟ್ಟ ಕ್ರಮದಲ್ಲೇ ಸಂಖ್ಯೆ ಕೊಡುತ್ತಿದ್ದೀರಷ್ಟೆ ಎಂದು ವಿಚಾರಿಸುತ್ತಿದ್ದೆ. ಆ ಹುಡುಗರು ಕ್ರಮೇಣ ನನ್ನ ಫೋನು ಎತ್ತುವುದನ್ನು ನಿಲ್ಲಿಸಿದರು. ಕೆಲಸದ ಒತ್ತಡವಿರಬೇಕು ಎಂದು ನಾನೂ, ಬುದ್ಧಿ ಬಂದಿರಬೇಕು ಎಂದು ಶಾರದೆಯೂ ತಿಳಿದುಕೊಂಡೆವು. ಹೀಗೆ ಹೊರಗೆ ದಾರಿ ಕಾಣದ ನನ್ನ ಪ್ರತಿಭೆ ಮನೆಯೊಳಗೇ ಸುತ್ತಿ ಸುತ್ತಿ, ಕಡೆಗೆ ಸೊಂಟಕ್ಕೆ ಬಂದು ನಿಂತಿತು. ತೂತುಗಳ ಹಂಗೇ ಇಲ್ಲದ, ಎಲ್ಲಿ ಬೇಕಾದರೂ ಹಿಡಿದು ನಿಲ್ಲುವ, ಜನ್ಮದಲ್ಲಿ ಜಾರದ ಬಕಲ್ಲೊಂದನ್ನು ಲೋಕಕ್ಕೆ ನೀಡಿ ಹೋಗುವುದೆಂದು ನಿಶ್ಚಯಿಸಿದೆ.

ಏಳು ಹಾಳೆ ನಕ್ಷೆಯಾಯಿತು. ತತ್ತ್ವ ಸರಳವಾದದ್ದು. ಪಟ್ಟಿಯ ಹಿಂಬದಿಗೆ ಸಾಲಾಗಿ ಸಣ್ಣ ಹಲ್ಲುಗಳು. ಬಕಲ್ಲಿನೊಳಗೆ ಸ್ಪ್ರಿಂಗಿನಿಂದ ಕೂತ ಒಂದು ಕೊಕ್ಕೆ. ಪಟ್ಟಿ ಬಿಗಿಯಾಗುವ ಕಡೆಗೆ ಮಾತ್ರ ಸರಿಯುತ್ತದೆ, ಸಡಿಲವಾಗುವ ಕಡೆಗೆ ಬ್ರಹ್ಮ ಬಂದರೂ ಸರಿಯುವುದಿಲ್ಲ. ಹಿಡಿತದ ಸೂಕ್ಷ್ಮಗಳಿಗೆ ಏಳು ಹಾಳೆಯೂ ಭರ್ತಿಯಾದ್ದರಿಂದ, ಬಿಚ್ಚುವ ವ್ಯವಸ್ಥೆಯನ್ನು ಏಳನೆಯ ಹಾಳೆಯ ಮೂಲೆಯಲ್ಲಿ ಒಂದು ಸಾಲಿನ ಷರಾ ಆಗಿ ಬರೆದೆ: ‘ಬಿಡಿಸಲು ಸೂಕ್ತ ಗುಂಡಿಯನ್ನು ಒದಗಿಸತಕ್ಕದ್ದು.’ ಇಟ್ಟಮಡುವಿನ ಲೇತ್ ಅಂಗಡಿಯವನು ಅದರಂತೆಯೇ, ತನಗೆ ಸೂಕ್ತವೆನಿಸಿದ ಕಡಲೆಕಾಳಿನ ಗಾತ್ರದ ಒಂದು ಗುಂಡಿಯನ್ನು ಬದಿಯ ಸೀಳಿನೊಳಗೆ ಒದಗಿಸಿದ.

ಸೃಷ್ಟಿ ಕೈಗೆ ಬಂದ ಮೇಲೆ ಸೃಷ್ಟಿಕರ್ತನ ಬಾಯಿ ಸುಮ್ಮನಿರುತ್ತದೆಯೇ? ಜಯನಗರದ ನಮ್ಮ ಪಾರ್ಕಿನಲ್ಲಿ ಬೆಳಗಿನ ವಾಯುಸೇವನೆಗೆ ಬರುವ ಗೆಳೆಯರಿಗೆಲ್ಲ ಅದನ್ನು ತೋರಿಸಿದೆ. ಮನುಷ್ಯರ ಸೊಂಟವಂತೂ ಸರಿ, ಕುದುರೆಯ ಜೀನಿಗೇ ಇದನ್ನು ಹಾಕಿಸಿ ತೋರಿಸುತ್ತೇನೆ ಎಂದು ಅವರ ಮುಂದೆ ಆಡಿಬಿಟ್ಟೆ. ಹೀಗೆ ಆಡಿದ ಮೇಲೆ ಕುದುರೆಯೊಂದನ್ನು ಹುಡುಕುವುದು ಅನಿವಾರ್ಯವಾಯಿತು. ಅದೃಷ್ಟಕ್ಕೆ ಕುದುರೆ ದೂರವಿರಲಿಲ್ಲ. ತಿಲಕ್ ನಗರದಲ್ಲಿ ರಹಮತ್ ಭಾಯ್ ಎಂಬುವರು ಮದುವೆ ಮೆರವಣಿಗೆಗಳಿಗೆ ರಾಣಿ ಎಂಬ ಬಿಳಿಯ ಹೆಣ್ಣುಕುದುರೆಯನ್ನು ಕಳಿಸುತ್ತಾರೆ. ಅದರ ಜೀನು, ಲಗಾಮು, ಹೊಟ್ಟೆಪಟ್ಟಿಗಳನ್ನು ತಾವೇ ಹೊಲಿಯುತ್ತಾರೆ. ಅರವತ್ತೈದರ ಆಸುಪಾಸಿನ, ಮಿತಭಾಷಿ ಮನುಷ್ಯ. ನಾನು ಏಳೂ ಹಾಳೆ ಬಿಡಿಸಿಟ್ಟು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವರು ಹಾಳೆಗಳನ್ನು ನೋಡಲಿಲ್ಲ. ಬಕಲ್ಲನ್ನು ಅಂಗೈಯಲ್ಲಿಟ್ಟು ತೂಗಿ, ಒಂದೇ ಪ್ರಶ್ನೆ ಕೇಳಿದರು.

“ಬಿಚ್ಚೋದು ಹೆಂಗೆ ಸಾರ್?”

ಸೀಳಿನೊಳಗಿನ ಗುಂಡಿಯನ್ನು ತೋರಿಸಿದೆ. ಅವರ ಹೆಬ್ಬೆರಳು ಆ ಸೀಳಿನೊಳಗೆ ಹೋಗಲಿಲ್ಲ. ಹಿಡಿತದ ವಿಷಯ ಮಾತಾಡುವಾಗ ಬಿಚ್ಚುವ ಮಾತೇಕೆ ಎಂದು ನಾನು ತುಸು ಬೇಸರದಿಂದಲೇ ಕೇಳಿದೆ. ರಹಮತ್ ಭಾಯ್ ವಾದಿಸಲಿಲ್ಲ. ಮೊದಲು ಎಂಟು ದಿನ ನೀವೇ ಕಟ್ಟಿಕೊಂಡು ಓಡಾಡಿ, ನಿಮಗೆ ಒಗ್ಗಿದರೆ ರಾಣಿಗೆ ಹಾಕೋಣ ಎಂದು ಹೇಳಿ, ಕುದುರೆಯ ಹೊಟ್ಟೆಪಟ್ಟಿಗೆಂದು ಇಟ್ಟಿದ್ದ ಎರಡು ಪದರದ ಚರ್ಮದಲ್ಲಿ ನನ್ನ ಅಳತೆಗೆ ಬೆಲ್ಟು ಹೊಲಿದು ಅದಕ್ಕೆ ಹಲ್ಲುಸಾಲನ್ನೂ ಬಕಲ್ಲನ್ನೂ ಕೂರಿಸಿಕೊಟ್ಟರು. ಎಂಟನೆಯ ದಿನ ಆಯುಧಪೂಜೆ. ಸಂಜೆ ನಾಲ್ಕಕ್ಕೆ ನಮ್ಮ ಮನೆಗೆ ಒಬ್ಬಟ್ಟು ತಿನ್ನಲು ಬನ್ನಿ, ಪರೀಕ್ಷೆಯ ಫಲಿತಾಂಶವನ್ನೂ ಕಂಡಂತಾಗುತ್ತದೆ ಎಂದು ಅವರನ್ನು ಕರೆದು ಬಂದೆ.

ಏಳು ದಿನ ಬಕಲ್ಲು ನನ್ನ ಮಾನ ಕಾಪಾಡಿತು. ಪಾರ್ಕಿನಲ್ಲಿ ಬಗ್ಗಿದೆ, ಬಸ್ಸಿನ ಹಿಂದೆ ಓಡಿದೆ, ಒಮ್ಮೆ ಬೇಕೆಂದೇ ಕೆಮ್ಮಿದೆ, ಕೂದಲೆಳೆಯಷ್ಟೂ ಜಾರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಶಾರದೆ ಸ್ಕೂಟರಿಗೆ ಹೂವು ಮುಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ದೇವರ ಮುಂದಿನ ಮಣೆಯ ಮೇಲೆ ಕತ್ತರಿ, ಸ್ಕ್ರೂಡ್ರೈವರ್, ಮಿಕ್ಸಿಯ ಜಾರು, ಈಳಿಗೆಮಣೆಗಳನ್ನು ಸಾಲಾಗಿ ಜೋಡಿಸಿದಳು. ನಾನು ಬೆಲ್ಟನ್ನು ಬಿಚ್ಚಿ ಅವುಗಳ ನಡುವೆ ಪ್ರತಿಷ್ಠಾಪಿಸಿದೆ. ಅವಳು ಬಕಲ್ಲಿನ ನೆತ್ತಿಗೆ ಶಾಸ್ತ್ರಕ್ಕೆಂದು ಒಂದು ಚುಕ್ಕೆ ಅರಿಶಿನ, ಒಂದು ಚುಕ್ಕೆ ಕುಂಕುಮ ಇಟ್ಟು ಮುಂದೆ ಹೋದಳು. ನನಗೆ ಸಮಾಧಾನವಾಗಲಿಲ್ಲ. ಮಿಕ್ಸಿಯ ಜಾರಿಗೆ ಅಷ್ಟು ದೊಡ್ಡ ಬೊಟ್ಟು, ನನ್ನ ಆವಿಷ್ಕಾರಕ್ಕೆ ಇಷ್ಟೇ ಇಷ್ಟು? ಯಂತ್ರವೆಂದ ಮೇಲೆ ಚಲಿಸುವ ಭಾಗಕ್ಕಲ್ಲವೇ ಪೂಜೆ ಸಲ್ಲಬೇಕಾದ್ದು ಎಂದುಕೊಂಡು, ಆಗತಾನೇ ತೇಯ್ದಿದ್ದ ಗಂಧಕ್ಕೆ ಅರಿಶಿನ ಕುಂಕುಮ ಕಲಸಿ, ಬೆರಳ ತುದಿಯಿಂದ ಆ ಸೀಳಿನೊಳಕ್ಕೆ ಭಕ್ತಿಯಿಂದ ತುಂಬಿದೆ. ಮಂಗಳಾರತಿಯಾಯಿತು, ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದೆವು. ಬೆಲ್ಟು ಕಟ್ಟಿಕೊಂಡು ಊಟಕ್ಕೆ ಕೂತೆ.

ಒಬ್ಬಟ್ಟು ನಾಲ್ಕಾದವು. ಐದನೆಯದನ್ನು ಶಾರದೆ ಬಡಿಸಲಿಲ್ಲ, ನಾನೇ ಹಾಕಿಕೊಂಡೆ. ಉಂಡ ಮೇಲೆ ಸೊಂಟವನ್ನು ಸ್ವಲ್ಪ ಸಡಿಲಿಸೋಣವೆಂದು ಗುಂಡಿ ಒತ್ತಿದರೆ ಗುಂಡಿ ಕದಲಲಿಲ್ಲ. ಗಂಧವೆಂಬುದು ಹಣೆಯ ಮೇಲೆ ತಂಪು, ಗುಂಡಿಯ ಸುತ್ತ ಸಿಮೆಂಟು ಎಂಬ ಜ್ಞಾನ ನನಗಾದದ್ದು ಆಗ. ಕೊಬ್ಬರಿ ಎಣ್ಣೆ ಬಿಟ್ಟೆವು. ಅದು ಒಳಗಿನ ಪುಡಿಯೊಂದಿಗೆ ಸೇರಿ ಇನ್ನೊಂದು ಬಗೆಯ ಲೇಪವಾಯಿತು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ನುಸುಳಬಹುದೇನೋ ಎಂದು ದೀರ್ಘವಾಗಿ ಉಸಿರು ಬಿಟ್ಟು ಪ್ಯಾಂಟನ್ನು ಜಗ್ಗಿದೆ. ಆ ಜಗ್ಗಾಟಕ್ಕೆ ಪಟ್ಟಿ ‘ಟಕ್’ ಎಂದು ಇನ್ನೊಂದು ಹಲ್ಲು ಮುಂದೆ ಹೋಗಿ ಕೂತಿತು. ಶಾರದೆಗೆ ನಗು ತಡೆಯಲಾಗಲಿಲ್ಲ. ಅವಳ ನಗು ಕಂಡು ನನಗೂ ನಗು ಬಂದು ಹೊಟ್ಟೆ ಕುಲುಕಿತು, ಮತ್ತೊಂದು ಹಲ್ಲು ‘ಟಕ್’ ಎಂದಿತು. ಅಲ್ಲಿಂದ ಮುಂದೆ ಮನೆಯಲ್ಲಿ ನಗುವನ್ನು ನಿಷೇಧಿಸಲಾಯಿತು.

ಓದುಗ ಮಿತ್ರರೇ, ಪ್ರಕೃತಿಯ ಕರೆಗಳಲ್ಲಿ ಎರಡು ಬಗೆ. ಚಿಕ್ಕ ಕರೆಗೆ ಪ್ಯಾಂಟಿನ ಜಿಪ್ಪಿನಲ್ಲೇ ಪರಿಹಾರವಿದೆ. ಐದು ಒಬ್ಬಟ್ಟಿನ ನಂತರ ಮೂರೂಕಾಲಿಗೆ ನನಗೆ ಬಂದದ್ದು ದೊಡ್ಡ ಕರೆ. ಶಾರದೆ ಮಣೆಯ ಮೇಲಿದ್ದ ಈಳಿಗೆಯನ್ನು ಒಮ್ಮೆ, ನನ್ನ ಸೊಂಟವನ್ನೊಮ್ಮೆ ನೋಡಿದಳು. ಪೂಜೆಗಿಟ್ಟ ಆಯುಧವನ್ನು ಅದೇ ದಿನ ಎತ್ತಬಾರದೆಂದು ನಾನು ಶಾಸ್ತ್ರ ಹೇಳಿದೆ. ನಿಜವಾದ ಕಾರಣ ಬೇರೆ. ಪಟ್ಟಿಯನ್ನು ಕೊಯ್ದರೆ ಎಂಟು ದಿನದ ಪರೀಕ್ಷೆ ಮುರಿದಂತೆ. ರಾಣಿಯೂ ಇಲ್ಲ, ಜೀನೂ ಇಲ್ಲ, ನಾಳೆ ಪಾರ್ಕಿನಲ್ಲಿ ತಲೆಯೆತ್ತುವಂತೆಯೂ ಇಲ್ಲ. ಫೋನೆತ್ತದ ಆ ಹುಡುಗರಿಗೂ ಒಂದು ದಿನ ಇದರ ಸುದ್ದಿ ತಲುಪಬೇಕೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆನೆಂಬುದನ್ನು ನಿಮ್ಮಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ. ಆದ್ದರಿಂದ ಮುಕ್ಕಾಲು ಗಂಟೆ, ಹಲ್ಲು ಕಚ್ಚಿ, ಕೂರಲಾರದೆ ಮಲಗಲಾರದೆ, ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಶತಪಥ ತಿರುಗಿದೆ.

ನಾಲ್ಕಕ್ಕೆ ಸರಿಯಾಗಿ ರಹಮತ್ ಭಾಯ್ ಬಂದರು, ಹೆಗಲಿಗೆ ಹತಾರದ ಚೀಲ. ನನ್ನ ಮುಖ ನೋಡಿದವರು ಮಂಡಿಯೂರಿ ಕೂತು ಬಕಲ್ಲನ್ನು ಪರೀಕ್ಷಿಸಿದರು. ಸೀಳಿನಿಂದ ಇಣುಕುತ್ತಿದ್ದ ಕುಂಕುಮ ಕಂಡು ಅವರ ಮೀಸೆ ಒಮ್ಮೆ ಅದುರಿತು. ಬಿಸಿನೀರಿನ ಬಟ್ಟೆ ಇಟ್ಟು ನೆನೆಸಿದರೆ ರಾತ್ರಿಯೊಳಗೆ ಬಿಡಬಹುದು, ಇಲ್ಲವೇ ಚರ್ಮ ಕೊಯ್ಯಬೇಕು ಎಂದರು. ರಾತ್ರಿಯವರೆಗೆ ಕಾಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆದರೂ ನನ್ನ ಬಾಯಿ, ಕೊಯ್ದರೆ ನಕ್ಷೆಯೇ ಸೋತಂತಾಗುತ್ತದಲ್ಲ ಎಂದು ಗೊಣಗಿತು.

ಅವರು ತಲೆಯೆತ್ತಿದರು. “ಹೋದ ವರ್ಷ ಒಂದು ಮದುವೆ ಬಾರಾತಲ್ಲಿ ಪಟಾಕಿ ಸದ್ದಿಗೆ ಬೆದರಿ ರಾಣಿ ಬಿದ್ದುಬಿಟ್ಳು ಸಾರ್. ಜೀನು ತಿರುಗಿ ಹೊಟ್ಟೆಗೆ ಒತ್ಕೊಂಡಿತ್ತು. ಒಂದೇ ಕೈಲಿ ಪಟ್ಟಿ ಎಳೆದೆ, ಬಿಚ್ಕೊಳ್ತು. ಇಲ್ಲಾಂದ್ರೆ ಹೋಗ್ಬಿಡೋಳು. ಕುದುರೆ ಬಿದ್ದಾಗ ಪಟ್ಟಿ ನೋಡಲ್ಲ ಸಾರ್, ಉಸಿರು ನೋಡ್ತೀವಿ.”

ಶಾರದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಈಗ ನಗುತ್ತಿರಲಿಲ್ಲ. “ಬಿಟ್ಬಿಡಿ ಅಂದ್ರೆ,” ಎಂದಳು ಮೆಲ್ಲಗೆ. ಅವಳು ಬೆಲ್ಟಿನ ಮಾತನ್ನಷ್ಟೇ ಆಡುತ್ತಿಲ್ಲವೆಂಬುದು ನನ್ನಂಥವನಿಗೂ ತಿಳಿಯಿತು. ಏಳು ಹಾಳೆಗಳೂ ಒಮ್ಮೆ ಕಣ್ಣಮುಂದೆ ಸುಳಿದವು. ಅಷ್ಟರಲ್ಲೂ ಬಿಡುವುದಕ್ಕೆಂದು ನಾನು ಕೊಟ್ಟ ಜಾಗ ಒಂದು ಸಾಲು.

“ಕೊಯ್ಯಿರಿ ಭಾಯ್,” ಎಂದೆ.

ಚರ್ಮ ಕೊಯ್ಯುವ ಕತ್ತಿ ಒಮ್ಮೆ ಸರಿಯಿತು. ಆ ಕ್ಷಣ ನನ್ನೊಳಗೆ ಹೊಕ್ಕ ಉಸಿರಿನ ಸುಖವನ್ನು ವರ್ಣಿಸುವಷ್ಟು ಹೊತ್ತು ನಾನು ಅಲ್ಲಿ ನಿಲ್ಲಲಿಲ್ಲ. ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು ಧಾವಿಸಿದ ನನ್ನ ವೇಗ ಜಟಕಾ ಕುದುರೆಗೂ ಇರುವುದಿಲ್ಲವೆಂದು ಶಾರದೆ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಹೊರಬಂದಾಗ ರಹಮತ್ ಭಾಯ್ ತುಪ್ಪ ಹಾಕಿಸಿಕೊಂಡು ಎರಡನೆಯ ಒಬ್ಬಟ್ಟು ತಿನ್ನುತ್ತಿದ್ದರು, ಮನೆಯಲ್ಲಿ ನಗುವಿನ ಮೇಲಿನ ನಿಷೇಧವೂ ತೆರವಾಗಿತ್ತು.

ಬಕಲ್ಲು ವ್ಯರ್ಥವಾಗಲಿಲ್ಲ. ಅದನ್ನು ಎರಡು ದಿನ ನೆನೆಸಿ ತೊಳೆದು, ಗುಂಡಿ ಒತ್ತಲು ಒಂದು ಕಡ್ಡಿ ಇಟ್ಟುಕೊಂಡು ರಹಮತ್ ಭಾಯ್ ಅವರೇ ಬಳಸುತ್ತಿದ್ದಾರೆ, ಜೀನಿಗಲ್ಲ, ಹುರುಳಿಯ ಚೀಲದ ಬಾಯಿಗೆ. ಕದ್ದು ಮೇಯುವ ಚಾಳಿಯ ರಾಣಿ ಇಲ್ಲಿಯವರೆಗೆ ಯಾವ ಗಂಟನ್ನಾದರೂ ಹಲ್ಲಿನಿಂದಲೇ ಬಿಚ್ಚುತ್ತಿದ್ದಳಂತೆ. ಇದರ ಮುಂದೆ ಮಾತ್ರ ಸೋತು, ಮುಖ ತಿರುಗಿಸಿ ನಿಲ್ಲುತ್ತಾಳಂತೆ. ಪಾರ್ಕಿನಲ್ಲಿ ನಾನು ನಡೆದದ್ದನ್ನು ನಡೆದಂತೆಯೇ ಹೇಳಿದೆ. ಗೆಳೆಯರು ಎಷ್ಟು ನಕ್ಕರೆಂದರೆ ಒಬ್ಬರು ತಮ್ಮ ಬೆಲ್ಟನ್ನೇ ಸಡಿಲಿಸಿಕೊಳ್ಳಬೇಕಾಯಿತು. ಹಳೆಯ ಆಫೀಸಿಗೆ ನಾನು ಆಮೇಲೆ ಫೋನು ಮಾಡಿಲ್ಲ. ಮಾಡಬೇಕೆನಿಸಿದಾಗ ಈಗಲೂ ಕೈ ಒಮ್ಮೆ ಫೋನಿನ ಬಳಿ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ.

ಅಂದು ಹೊರಡುವ ಮುಂಚೆ ರಹಮತ್ ಭಾಯ್ ನನ್ನ ಹಳೆಯ ಬೆಲ್ಟನ್ನು ತರಿಸಿ, ಚೀಲದಿಂದ ಪುಟ್ಟ ಉಳಿ ತೆಗೆದು, ಮೂರನೆಯ ಮತ್ತು ನಾಲ್ಕನೆಯ ತೂತುಗಳ ನಡುವೆ ದುಂಡನೆಯ ಒಂದು ತೂತು ಹೊಡೆದುಕೊಟ್ಟರು. ನಕ್ಷೆಯಿಲ್ಲ, ಅಳತೆಯಿಲ್ಲ, ಒಂದೇ ಏಟು. ಅದು ನನ್ನ ಹೊಟ್ಟೆಗೆ ಕರಾರುವಾಕ್ಕಾಗಿ ಹೊಂದಿತು. ಹೊಂದಿದ್ದು ದೀಪಾವಳಿಯವರೆಗೆ ಮಾತ್ರ. ಕಜ್ಜಾಯ ಚಕ್ಕುಲಿಗಳಾದ ಮೇಲೆ ಹೊಟ್ಟೆ ಅಲ್ಲಿಂದಲೂ ಮನೆ ಖಾಲಿ ಮಾಡಿ, ಈಗ ನಾಲ್ಕಕ್ಕೂ ಐದಕ್ಕೂ ನಡುವೆ ಬಂದು ನೆಲೆಸಿದೆ. ನಿನ್ನೆ ನಾನೇ ಮೊಳೆ ಸುತ್ತಿಗೆ ಹುಡುಕಿ ತಂದೆ. ಬೆಲ್ಟಿನ ತುದಿಯನ್ನು ಹಿಡಿದುಕೊಳ್ಳಲು ಶಾರದೆಯನ್ನು ಕರೆದರೆ, ಅವಳು ಗಂಧದ ಬಟ್ಟಲನ್ನೂ ಕೈಯಲ್ಲಿ ಹಿಡಿದೇ ಬಂದಳು.