ಪಕ್ಕದ ಹೊಲದ ಉಪ್ಪು

ಸಭೆಯಲ್ಲಿ ಬರುವಷ್ಟು ನಿರ್ಮಲವಾದ ನಿದ್ದೆ ಮನೆಯ ಹಾಸಿಗೆಯಲ್ಲಿ ಬರುವುದಿಲ್ಲವೆಂದು ನಾನು ಅಧಿಕಾರವಾಣಿಯಿಂದ ಹೇಳಬಲ್ಲೆ. ಬಳ್ಳಾರಿಯಲ್ಲಿ ಬಸ್ಸು ಹತ್ತಿ, ಕುರುಗೋಡು ದಾಟಿ, ಸಿರುಗುಪ್ಪದ ಸುತ್ತಿನ ಊರೂರಿಗೆ ಹೋಗಿ ಮಣ್ಣುಪರೀಕ್ಷೆಯ ಮಹಿಮೆಯನ್ನು ಬೋಧಿಸುವ ನಾನು ಎಷ್ಟೋ ರೈತರಿಗೆ ಅಂಥ ನಿದ್ದೆಯನ್ನು ಉಚಿತವಾಗಿ ದಯಪಾಲಿಸಿದ್ದೇನೆ.

ಹೋದ ಬೇಸಿಗೆಯಲ್ಲಿ ಸಿರಿಗೇರಿಯ ಸಮುದಾಯ ಭವನದಲ್ಲಿ ಲವಣ, ಕ್ಷಾರ, ಬಸಿಗಾಲುವೆ ಎಂದು ಅರ್ಧ ಗಂಟೆ ವಾಗ್ವೈಭವ ಮೆರೆದಾಗಲೂ ಸಭೆ ಸಮಾಧಿಸ್ಥವಾಗಿತ್ತು. ಆಗ ಮುಂದಿನ ಸಾಲಿನ ಈರಮ್ಮ ಎಂಬ ಹಿರಿಯ ಹೆಣ್ಣುಮಗಳು ತಮ್ಮ ಹೊಲದ ಪರೀಕ್ಷೆಯ ಚೀಟಿ ಮಡಿಚಿಟ್ಟು ಕೇಳಿದರು: “ಸರ, ನನ್ನ ಹೊಲದಾಗ ಉಪ್ಪು ಎಷ್ಟರ ಇರಲಿ. ನಮ್ಮ ಭಾವಾರ ಹೊಲದಾಗ ಎಷ್ಟೈತಿ, ಅದನ್ನ ಹೇಳ್ರಿ.”

ಇಡೀ ಭವನ ಕಣ್ಣು ಬಿಟ್ಟಿತು. ಭಾವ ಪಂಪಣ್ಣ ಹಿಂದಿನ ಗೋಡೆಗೆ ಒರಗಿದ್ದರು. ಈರಮ್ಮನ ಗಂಡ ತೀರಿಕೊಂಡ ಮೇಲೆ ಹೊಲ ಪಾಲಾಗಿ, ಮೇಲಿನದು ಅವರಿಗೆ, ತಗ್ಗಿನದು ಈಕೆಗೆ ಬಂದಿತ್ತು; ನೀರಿನ ಜಗಳದಲ್ಲಿ ಮಾತು ಬಿಟ್ಟು ಹತ್ತು ವರ್ಷವಾಗಿತ್ತಂತೆ.

“ಓದ್ರಿ, ಮುಚ್ಚಿಡಾಕ ಅದೇನು ಬಂಗಾರೇನು?” ಎಂದು ಪಂಪಣ್ಣ ತಮ್ಮ ಚೀಟಿಯನ್ನು ಕಳಿಸಿದರು.

ಓದಿದೆ. ಉಪ್ಪು ಈರಮ್ಮನ ಮಣ್ಣಿನಲ್ಲೇ ಬಹಳ ಹೆಚ್ಚು.

“ಒಂದ ಹೊಲ ಇತ್ತಲ್ರಿ, ಎರಡು ನಮೂನಿ ಹೆಂಗಾತು?” ಎಂದರು ಪಂಪಣ್ಣ.

ನಾನು ಸಂಸ್ಕೃತವನ್ನು ಬ್ಯಾಗಿಗೆ ಹಾಕಿ, ಅವರ ಮಾತಿನಲ್ಲೇ ಹೇಳಿದೆ: “ನಿಮ್ಮ ನೀರು ತಗ್ಗಿಗೆ ಇಳದು ಅಲ್ಲೇ ನಿಂತು, ಉಪ್ಪು ಬಿಡತೈತ್ರಿ. ನಿಂತ ನೀರು ಹೊರಗ ಹೋಗಾಕ ನಿಮ್ಮ ಬದುವಿನಿಂದ ಬಸಿಗಾಲುವಿ ತಗೀಬೇಕು.”

ಪಂಪಣ್ಣ ಗೋಡೆ ಬಿಟ್ಟು ಮುಂದೆ ಬಂದರು. “ಹಿಂಗ ಬಿಟ್ರ ಈ ಉಪ್ಪಿನ ಸವಳು ನನ್ನ ಹೊಲಕ್ಕೂ ಏರತೈತೇನ್ರಿ?”

“ಏರತೈತ್ರಿ. ತಗ್ಗು ತುಂಬಿದ ಮ್ಯಾಲೆ ನೀರು ಹಿಂದಕ್ಕ ಒತ್ತತೈತಿ.”

“ಹಂಗಾರ ಕಾಲುವಿ ತಗಸೂಣು.”

ಈರಮ್ಮ ನನಗಷ್ಟೇ ಕೇಳುವಂತೆ ಅಂದರು: “ಇದನ್ನ ಹತ್ತು ವರ್ಷದಿಂದ ಹೇಳಿ ಕಳಸೇನ್ರಿ. ನನ್ನ ಹೊಲದ ಸುದ್ದಿ ಆಗಿತ್ತು, ಕಿವಿಗೆ ಬೀಳಲಿಲ್ಲ.”

ಸುದ್ದಿಗೆ ರುಚಿ ಹತ್ತುವುದು ಅದು ಹೊಸತೆಂದೋ ನಿಜವೆಂದೋ ಅಲ್ಲ, ಮಾರಾಯರೇ. ನೆರೆಯವನ ಬದು ದಾಟಿ ನಮ್ಮ ಬದುವಿಗೆ ಬಂದು ನಿಂತಾಗ. ನನ್ನ ಇಷ್ಟು ವರ್ಷದ ಭಾಷಣ ಕಾಣದಿದ್ದ ಈ ಸತ್ಯವನ್ನು ಆಕೆ ಒಂದೇ ಪ್ರಶ್ನೆಯಲ್ಲಿ ಕಾಣಿಸಿದ್ದರು.

ಸಂಜೆ ಮೂವರೂ ಹೊಲಕ್ಕೆ ಹೋದೆವು. ಕಾಲುವೆಯ ಜಾಗ ಅಳೆಯಬೇಕಿತ್ತು. ಟೇಪಿನ ಒಂದು ತುದಿಯನ್ನು ಪಂಪಣ್ಣ ಹಿಡಿದರು, ಇನ್ನೊಂದನ್ನು ಈರಮ್ಮ. ಟೇಪು ಜೋಲುಬಿದ್ದಾಗ ಈರಮ್ಮ ಮೆಲ್ಲನೆ ತಮ್ಮ ತುದಿಯನ್ನು ಜಗ್ಗಿದರು. ಆ ಕಡೆ ಪಂಪಣ್ಣ, ತಲೆ ಎತ್ತದೆ, ಗಟ್ಟಿಯಾಗಿ ಹಿಡಿದುಕೊಂಡರು.